ಬಗ್ಗಡವಾದ ವರ್ಟ್, ಕೈಕೊಟ್ಟ ಲೆಕ್ಕ

ಶನಿವಾರ ಬೆಳಗ್ಗೆ, ಅಮೆರಿಕದ ಯಾವುದೋ ಊರಿನ ಒಂದು ಮನೆಯ ಗ್ಯಾರೇಜು. ಕಾರು ಹೊರಗೆ ನಿಂತಿದೆ. ಅದರ ಜಾಗದಲ್ಲಿ ಗ್ಯಾಸ್ ಒಲೆ, ಒಲೆಯ ಮೇಲೆ ದೊಡ್ಡ ಸ್ಟೀಲ್ ಪಾತ್ರೆ, ಪಕ್ಕದಲ್ಲಿ ಪಿಕ್‌ನಿಕ್ಕಿಗೆ ಒಯ್ಯುವಂಥ ಕೂಲರ್ ಡಬ್ಬಿ. ಡಬ್ಬಿಯೊಳಗೆ ಬಾರ್ಲಿ ಮಾಲ್ಟಿನ ನುಚ್ಚು ಬಿಸಿನೀರಿನಲ್ಲಿ ನೆನೆದು ಒಂದು ಗಂಟೆಯಾಗಿದೆ. ನಲ್ಲಿ ತಿರುಗಿಸಿದರೆ ಜೇನಿನ ಬಣ್ಣದ ತಿಳಿರಸ ಬರಬೇಕು. ಬಂದದ್ದು ಅಕ್ಕಿ ತೊಳೆದ ನೀರಿಗೆ ಬೆಲ್ಲ ಕದಡಿದಂಥ ರಸ. ಗಾಜಿನ ಜಾಡಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಜಾಡಿಯ ಹಿಂದಿರುವ ಬೆರಳೂ ಕಾಣುವುದಿಲ್ಲ. ಮಾಡಿದವನ ಮುಖ ಸಪ್ಪಗಾಗುತ್ತದೆ. ಐದಾರು ಗಂಟೆಯ ಕೆಲಸ, ನಾಲ್ಕೂವರೆ ಕಿಲೋ ಮಾಲ್ಟು, ಎಲ್ಲ ಹಾಳಾಯಿತೇ?

ಆ ಸಿಹಿರಸದ ಹೆಸರು ವರ್ಟ್. ಅದಿನ್ನೂ ಬಿಯರ್ ಅಲ್ಲ. ಹಾಪ್ಸ್ ಹೂವು ಹಾಕಿ ಒಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಒಂದೆರಡು ವಾರ ಹುದುಗಲು ಬಿಟ್ಟ ಮೇಲೆ ಬಿಯರ್ ಆಗುತ್ತದೆ. ಮನೆಯಲ್ಲಿ ಬಿಯರ್ ಮಾಡಲು ಹೊರಟವರನ್ನು ಮೊದಲ ವರ್ಷ ಕಾಡುವ ತೊಂದರೆಗಳಲ್ಲಿ ಎರಡು ದೊಡ್ಡವು: ವರ್ಟ್ ಬಗ್ಗಡವಾಗಿದೆ ಎನ್ನುವುದು ಒಂದು, ಒಂದೇ ಪಾಕವಿಧಾನ ಹಿಡಿದು ಎರಡು ಸಲ ಮಾಡಿದರೆ ಎರಡು ಬಗೆಯ ಬಿಯರ್ ಆಗುತ್ತಿದೆ ಎನ್ನುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಕಾಣುತ್ತದಾದ್ದರಿಂದ ಎರಡನೆಯದಕ್ಕೂ ಅದೇ ಕಾರಣವೆಂದು ತೀರ್ಮಾನಿಸುವವರು ಬಹಳ. ಒಂದು ಸಂದರ್ಭ ಬಿಟ್ಟರೆ ಈ ಎರಡಕ್ಕೂ ನಂಟಿಲ್ಲ. ಆ ಒಂದು ಸಂದರ್ಭ ಯಾವುದು, ಅದನ್ನು ಪತ್ತೆ ಹಚ್ಚುವುದು ಹೇಗೆ ಎಂದು ತಿಳಿದವರಿಗೆ ಅರ್ಧ ಚಿಂತೆ ಕಳೆದಂತೆ.

ಈ ಹವ್ಯಾಸ ಗ್ಯಾರೇಜಿಗೆ ಬಂದ ಕಥೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಬ್ರಿಟನ್ನಿನಲ್ಲಿ ಮನೆಬಿಯರಿಗೆ ಬೇಕಿದ್ದ ಲೈಸೆನ್ಸನ್ನು 1963ರಲ್ಲಿ ಹಣಕಾಸು ಸಚಿವರಾಗಿದ್ದ ರೆಜಿನಾಲ್ಡ್ ಮೌಡ್ಲಿಂಗ್ ತೆಗೆದುಹಾಕಿದರು. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನು ಮರುವರ್ಷ ಫೆಬ್ರುವರಿಯಿಂದ ಜಾರಿಗೆ ಬಂತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ. ನಮ್ಮಲ್ಲಿ ಆ ಅವಕಾಶವಿಲ್ಲ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಇಲ್ಲಿ ಹೇಳುವ ಗ್ಯಾರೇಜುಗಳೆಲ್ಲ ಅಲ್ಲಿಯವೇ.

ಈಗ ಬಗ್ಗಡದ ವಿಚಾರ. ಫಿಲ್ಟರ್ ಕಾಫಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಕಾಕ್ಷನ್ ಇಳಿಯುವ ಮೊದಲ ಹನಿಗಳಲ್ಲಿ ಪುಡಿ ಬರುತ್ತದೆ. ಪುಡಿಯೆಲ್ಲ ಒತ್ತಾಗಿ ಕೂತ ಮೇಲೆ ಪುಡಿಯೇ ಪುಡಿಯನ್ನು ತಡೆಯುತ್ತದೆ. ವರ್ಟ್ ಸೋಸುವುದೂ ಹಾಗೆಯೇ. ಡಬ್ಬಿಯ ತಳದಲ್ಲಿ ಜಾಲರಿ ಇರುತ್ತದೆ ನಿಜ, ಆದರೆ ಸೋಸುವ ಕೆಲಸ ಮಾಡುವುದು ಅದರ ಮೇಲೆ ಹಾಸಿಕೊಂಡ ಬಾರ್ಲಿಯ ಹೊಟ್ಟು. ಆದ್ದರಿಂದ ಮೊದಲು ಬಂದ ಒಂದೆರಡು ಜಗ್ ರಸವನ್ನು ಮೆಲ್ಲಗೆ ಮತ್ತೆ ಮೇಲಿನಿಂದಲೇ ಸುರಿಯುತ್ತಾರೆ. ರಭಸದಿಂದ ಸುರಿದರೆ ಹೊಟ್ಟಿನ ಹಾಸು ಒಡೆದು ಮೊದಲಿಗೇ ಬರಬೇಕಾಗುತ್ತದೆ. ಒಂದು ತಟ್ಟೆಯನ್ನೋ ಸೌಟನ್ನೋ ಅಡ್ಡ ಹಿಡಿದು ಸುರಿದರೆ ಮೂರನೆಯ ಜಗ್ಗಿನ ಹೊತ್ತಿಗೆ ರಸ ತಿಳಿಯಾಗತೊಡಗುತ್ತದೆ.

ಮಾಲ್ಟನ್ನು ಒಡೆಸುವುದರಲ್ಲೂ ಹದವಿದೆ. ಕಾಳು ಒಡೆಯಬೇಕು, ಹೊಟ್ಟು ಇಡಿಯಾಗಿ ಉಳಿಯಬೇಕು. ರೋಲರ್ ಗಿರಣಿಯಲ್ಲಿ ಎರಡು ಉರುಳೆಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಇಡುವುದು ವಾಡಿಕೆ. ಸಂದು ಕಿರಿದಾದರೆ ಹಿಟ್ಟು ಹೆಚ್ಚಿ ರಸ ಬಗ್ಗಡವಾಗುತ್ತದೆ, ಒಮ್ಮೊಮ್ಮೆ ಇಡೀ ಹಾಸು ಅಂಟಿನಂತೆ ಕಟ್ಟಿಕೊಂಡು ಹನಿಯೂ ಇಳಿಯುವುದಿಲ್ಲ. ಸಂದು ಅಗಲವಾದರೆ ಮೊದಲ ಜಗ್ಗುಗಳು ಕಳೆದ ಮೇಲೆ ರಸ ಕನ್ನಡಿಯಂತೆ ತಿಳಿಯಾಗಿ ಇಳಿಯುತ್ತದೆ, ಆದರೆ ಸಕ್ಕರೆ ಒಡೆಯದ ಕಾಳಿನೊಳಗೇ ಕೂತಿರುತ್ತದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಆಸ್ಟ್ರೇಲಿಯಾದ ಹವ್ಯಾಸಿಗಳು ಬಳಕೆಗೆ ತಂದ ಇನ್ನೊಂದು ದಾರಿಯಲ್ಲಿ ಸೋಸುವ ಡಬ್ಬಿಯೇ ಇಲ್ಲ. ಮಾಲ್ಟಿನ ನುಚ್ಚನ್ನು ಬಟ್ಟೆಯ ಚೀಲದಲ್ಲಿ ತುಂಬಿ ಪಾತ್ರೆಗೇ ಇಳಿಬಿಡುತ್ತಾರೆ, ಗಂಟೆ ಕಳೆದ ಮೇಲೆ ಚೀಲ ಎತ್ತಿ ಹಿಂಡುತ್ತಾರೆ. ಹೊಟ್ಟಿನ ಹಾಸು ಇಲ್ಲದ್ದರಿಂದ ಇಲ್ಲಿ ವರ್ಟ್ ಪ್ರತಿಸಲವೂ ಬಗ್ಗಡವೇ. ಆದರೂ ಆ ಚೀಲದಿಂದ ಹೊರಟ ಬಿಯರ್ ಲೋಟಕ್ಕೆ ಬರುವ ಹೊತ್ತಿಗೆ ಬೇರೆ ಬಿಯರುಗಳಷ್ಟೇ ತಿಳಿಯಾಗಬಲ್ಲದು. ನಡುವೆ ಕುದಿಯುವುದು, ತಣಿಯುವುದು, ಹುದುಗುವುದು, ಗಸಿ ಕೂರುವುದು ಎಂಬ ನಾಲ್ಕು ಘಟ್ಟಗಳಿವೆ. ಒಂದೊಂದು ಘಟ್ಟದಲ್ಲೂ ಒಂದಷ್ಟು ಬಗ್ಗಡ ಕಳಚಿ ಬೀಳುತ್ತದೆ.

ಕುದಿಯುವಾಗಿನ ನೋಟವಂತೂ ಹೊಸಬರನ್ನು ಹೆದರಿಸುತ್ತದೆ. ವರ್ಟ್ ಕುದಿ ಬಂದು ಸ್ವಲ್ಪ ಹೊತ್ತಿಗೆ ಹಾಲು ಒಡೆದಂತೆ ಚೂರುಚೂರು ತೇಲತೊಡಗುತ್ತದೆ. ಏನೋ ಕೆಟ್ಟಿತೆಂದು ಒಲೆ ಆರಿಸುವವರಿದ್ದಾರೆ. ಅದು ಮಾಲ್ಟಿನ ಪ್ರೋಟೀನು, ಶಾಖಕ್ಕೆ ಗಟ್ಟಿಯಾಗಿ ಬೇರ್ಪಡುತ್ತಿದೆ ಅಷ್ಟೆ. ಅದು ಒಡೆದಷ್ಟೂ ಒಳ್ಳೆಯದು. ಕುದಿಯ ಕೊನೆಯ ಹತ್ತು ಹದಿನೈದು ನಿಮಿಷವಿರುವಾಗ ಐರಿಶ್ ಮಾಸ್ ಎಂಬ ಒಣಗಿಸಿದ ಕಡಲಪಾಚಿಯನ್ನು ಒಂದು ಟೀ ಚಮಚ ಹಾಕುತ್ತಾರೆ. ಅದರಲ್ಲಿರುವ ಕ್ಯಾರಜೀನನ್ ಋಣ ವಿದ್ಯುದಂಶದ್ದು, ಪ್ರೋಟೀನಿನದು ಧನ. ಎರಡೂ ಅಂಟಿಕೊಂಡು ಭಾರವಾಗಿ ತಳ ಸೇರುತ್ತವೆ. ಆಮೇಲೆ ತಾಮ್ರದ ಸುರುಳಿ ಕೊಳವೆ ಇಳಿಸಿ, ಅದರಲ್ಲಿ ತಣ್ಣೀರು ಹರಿಸಿ, ವರ್ಟನ್ನು ಬೇಗ ತಣಿಸುತ್ತಾರೆ. ಆಗ ಇನ್ನೊಂದು ಪಾಲು ಪ್ರೋಟೀನು ಮೊಸರಿನ ಕೆನೆಯಂತೆ ಕಟ್ಟಿ ಕೂರುತ್ತದೆ.

ಈ ಮಡ್ಡಿ ಒಂದಷ್ಟು ಹುದುಗುವ ಪಾತ್ರೆಗೆ ಹೋದರೂ ಚಿಂತಿಸಬೇಕಿಲ್ಲ. ಅದರಲ್ಲಿರುವ ಕೊಬ್ಬಿನಂಶ ಮತ್ತು ಸತು ಯೀಸ್ಟಿನ ಬೆಳವಣಿಗೆಗೆ ಬೇಕಾದವು. ತಿಂಗಳುಗಟ್ಟಲೆ ಅಂಗಡಿಯಲ್ಲಿ ನಿಲ್ಲಬೇಕಾದ ಬಿಯರಿಗೆ ಮಡ್ಡಿ ಹೆಚ್ಚಾದರೆ ರುಚಿ ಬೇಗ ಮಾಸುತ್ತದೆ ಎಂಬ ಎಚ್ಚರಿಕೆ ದೊಡ್ಡ ಕಾರ್ಖಾನೆಗಳಿಗೆ ಸರಿ. ಆರೆಂಟು ವಾರದಲ್ಲಿ ಮುಗಿಯುವ ಮನೆಬಿಯರಿಗೆ ಆ ಭಯ ಅಷ್ಟಿಲ್ಲ.

ಬಿಯರ್ ತಯಾರಾದ ಮೇಲೆ ಕಾಣುವ ಮಬ್ಬಿನದು ಬೇರೆ ಕಥೆ. ಫ್ರಿಜ್ಜಿನಿಂದ ತೆಗೆದಾಗ ಮಬ್ಬಾಗಿದ್ದ ಲೋಟ ಕೈಯಲ್ಲಿ ಹಿಡಿದು ಕೂತಷ್ಟು ಹೊತ್ತಿಗೆ ತಿಳಿಯಾದರೆ ಅದು ಚಳಿಗೆ ಕಟ್ಟುವ ಮಬ್ಬು: ಪ್ರೋಟೀನು ಮತ್ತು ಹೊಟ್ಟಿನ ಒಗರಿನ ಅಂಶ ತಂಪಿನಲ್ಲಿ ಕೈಹಿಡಿದು, ಬೆಚ್ಚಗಾದಾಗ ಬಿಡುತ್ತವೆ. ರುಚಿಗೆ ಏನೂ ಆಗಿಲ್ಲ. ಬಾಟಲಿಗಳನ್ನು ಕೆಲವು ವಾರ ತಂಪಿನಲ್ಲಿಟ್ಟರೆ ಅದೂ ತಳ ಸೇರುತ್ತದೆ. ಬೆಚ್ಚಗಾದರೂ ಮಬ್ಬು ಹಾಗೇ ಇದ್ದು, ಜೊತೆಗೆ ಬರಬಾರದ ಹುಳಿ ಬಂದಿದ್ದರೆ, ಮೇಲೆ ತೆಳ್ಳನೆಯ ಪೊರೆ ಕಟ್ಟಿದ್ದರೆ, ಹೊರಗಿನ ಸೂಕ್ಷ್ಮಜೀವಿ ಸೇರಿದೆ ಎಂದು ಅರ್ಥ. ಚೆಲ್ಲಿ, ಪಾತ್ರೆ ಕೊಳವೆಗಳನ್ನು ಉಜ್ಜಿ ತೊಳೆದು ಮತ್ತೆ ಶುರುಮಾಡಬೇಕಾದ ಬಗ್ಗಡ ಅದೊಂದೇ.

ಬಿಯರ್ ತಿಳಿಯಾಗಿಯೇ ಇರಬೇಕು ಎಂಬ ನಿರೀಕ್ಷೆಗೆ ಇನ್ನೂರು ವರ್ಷವೂ ಆಗಿಲ್ಲ. ಬೊಹೀಮಿಯಾದ ಪಿಲ್ಸೆನ್ ಊರಿನವರು 1838ರಲ್ಲಿ ತಮ್ಮೂರಿನ ಕೆಟ್ಟ ಬಿಯರನ್ನು ಪೀಪಾಯಿಗಟ್ಟಲೆ ನಗರಸಭೆಯ ಎದುರೇ ಚೆಲ್ಲಿ ಪ್ರತಿಭಟಿಸಿದರು. ಊರವರೇ ಸೇರಿ ಹೊಸ ತಯಾರಿಕಾ ಮನೆ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಕುಶಲಿಯನ್ನು ಕರೆಸಿದರು. 1842ರಲ್ಲಿ ಆತ ಮಾಡಿದ ಹೊನ್ನಿನ ಬಣ್ಣದ ತಿಳಿಬಿಯರ್ ಲೋಕವನ್ನೇ ಗೆದ್ದಿತು. ಅದೇ ಕಾಲಕ್ಕೆ ಗಾಜಿನ ಲೋಟ ಅಗ್ಗವಾಗುತ್ತಿತ್ತು. ಮಣ್ಣು, ತವರದ ಮಗ್ಗಿನಲ್ಲಿ ಕುಡಿಯುತ್ತಿದ್ದವರಿಗೆ ಒಳಗಿನದು ತಿಳಿಯೋ ಬಗ್ಗಡವೋ ಎಂಬ ಪ್ರಶ್ನೆಯೇ ಇರಲಿಲ್ಲ.

ಬೇಕೆಂದೇ ಮಬ್ಬಾಗಿ ಮಾಡುವ ಬಿಯರುಗಳಿಗೂ ಕೊರತೆಯಿಲ್ಲ. ಜರ್ಮನಿಯ ಹೆಫೆವೈಜನ್ ಎಂಬ ಹೆಸರಲ್ಲೇ ಹೆಫೆ, ಅಂದರೆ ಯೀಸ್ಟ್ ಇದೆ. ಬೆಲ್ಜಿಯಮ್ಮಿನಲ್ಲಿ ನಿಂತೇ ಹೋಗಿದ್ದ ಬಿಳಿ ಗೋಧಿ ಬಿಯರನ್ನು ಹೂಗಾರ್ಡನ್ ಊರಿನ ಪಿಯೆರ್ ಸೆಲಿಸ್ 1960ರ ದಶಕದಲ್ಲಿ ಮತ್ತೆ ಬದುಕಿಸಿದರು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಕೂತು ಗೋಧಿ ಬಿಯರ್ ಕುಡಿದವರೆಲ್ಲ ಈ ಮಬ್ಬನ್ನು ಕಂಡವರೇ. ಅಮೆರಿಕದ ವರ್ಮಾಂಟಿನಿಂದ ಹೊರಟ ಹೆಡಿ ಟಾಪರ್ ಎಂಬ ಬಿಯರಂತೂ ಮಾವಿನ ರಸದಷ್ಟು ಮಬ್ಬಾಗಿದ್ದೂ ಒಂದು ಹೊಸ ಶೈಲಿಯನ್ನೇ ಹುಟ್ಟುಹಾಕಿತು. ಮನೆಬಿಯರಿನ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ, ಬಿಜೆಸಿಪಿ ಎಂಬ ಸಂಸ್ಥೆಯ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕ. ರುಚಿಗೆ 20, ಪರಿಮಳಕ್ಕೆ 12. ನೋಟಕ್ಕೆ ಇರುವುದು 3. ಬಣ್ಣ, ನೊರೆ, ತಿಳಿತನ ಮೂರೂ ಅದರಲ್ಲೇ ಬರಬೇಕು. ಆ ಮೂರರಲ್ಲಿ ಒಂದು ಪಾಲಿಗಾಗಿ ನಿದ್ದೆಗೆಡುವವರು ಉಳಿದ 47ರ ಕಡೆ ನೋಡುವುದು ಒಳಿತು.

ಹಾಗಾದರೆ ಫಲ ಏಕೆ ಪ್ರತಿಸಲ ಬೇರೆಯಾಗುತ್ತದೆ? ಇಲ್ಲಿಂದ ಮುಂದೆ ಕಣ್ಣನ್ನು ನಂಬಿ ಪ್ರಯೋಜನವಿಲ್ಲ, ಅಳೆಯಬೇಕು. ಅಳೆಯುವ ಸಾಧನ ಹೈಡ್ರೋಮೀಟರ್. ಹಳ್ಳಿಯ ಡೇರಿಗೆ ಹಾಲು ಹಾಕುವವರಿಗೆ ಅದರ ನೆಂಟ ಲ್ಯಾಕ್ಟೋಮೀಟರ್ ಚೆನ್ನಾಗಿ ಗೊತ್ತು. ಹಾಲಿನಲ್ಲಿ ಅದು ಎಷ್ಟು ಮುಳುಗಿತು ಎಂಬುದರಿಂದ ನೀರು ಬೆರೆಸಿದ್ದು ತಿಳಿಯುವಂತೆ, ವರ್ಟಿನಲ್ಲಿ ಎಷ್ಟು ತೇಲಿತು ಎಂಬುದರಿಂದ ಸಕ್ಕರೆ ಎಷ್ಟಿದೆ ಎಂದು ತಿಳಿಯುತ್ತದೆ. ಬರೀ ನೀರಿಗೆ 1.000. ಇಂಗ್ಲೆಂಡಿನಲ್ಲಿ 1784ರಲ್ಲಿ ಜಾನ್ ರಿಚರ್ಡ್‌ಸನ್ ಈ ಸಾಧನದ ಬಳಕೆಯ ಬಗ್ಗೆ ಪುಸ್ತಕವನ್ನೇ ಬರೆದರು. ಅಲ್ಲಿಯವರೆಗೆ ಅಗ್ಗವೆಂದು ಕೊಳ್ಳುತ್ತಿದ್ದ ಕಂದು ಮಾಲ್ಟಿನಲ್ಲಿ ಸಕ್ಕರೆ ಕಡಿಮೆ, ದುಬಾರಿಯೆಂದು ಬಿಡುತ್ತಿದ್ದ ತಿಳಿಬಣ್ಣದ ಮಾಲ್ಟಿನಲ್ಲೇ ಹೆಚ್ಚು ಎನ್ನುವುದು ಅಳೆದಾಗ ತಿಳಿಯಿತು. ತಲೆಮಾರುಗಳಿಂದ ಆ ಕೆಲಸ ಮಾಡಿದವರ ಕಣ್ಣಿಗೂ ನಾಲಿಗೆಗೂ ಅದು ಸಿಕ್ಕಿರಲಿಲ್ಲ.

ಒಂದು ಲೆಕ್ಕ ನೋಡಿ. ನಾಲ್ಕೂವರೆ ಕಿಲೋ ತಿಳಿಮಾಲ್ಟಿನಿಂದ 19 ಲೀಟರ್ ವರ್ಟ್ ತೆಗೆಯಬೇಕು. ಮಾಲ್ಟಿನಲ್ಲಿರುವ ಸಕ್ಕರೆಯ ನೂರಕ್ಕೆ 75 ಪಾಲು ಇಳಿದರೆ ಹೈಡ್ರೋಮೀಟರ್ ಸುಮಾರು 1.053 ತೋರಿಸುತ್ತದೆ. ನೂರಕ್ಕೆ 60 ಪಾಲು ಮಾತ್ರ ಇಳಿದರೆ 1.043. ಮೊದಲನೆಯದು ಹುದುಗಿದ ಮೇಲೆ ಐದೂಕಾಲು, ಐದೂವರೆ ಶೇಕಡಾ ಮದ್ಯಾಂಶದ ಬಿಯರ್, ಎರಡನೆಯದು ನಾಲ್ಕೂಕಾಲರದು. ಹಾಪ್ಸಿನ ಕಹಿ ಎರಡಕ್ಕೂ ಅಷ್ಟೇ ಬಿದ್ದಿದ್ದರಿಂದ ಎರಡನೆಯದು ಹೆಚ್ಚು ಕಹಿ, ನೀರುನೀರು. ಸಕ್ಕರೆ ಸರಿಯಾಗಿಯೇ ಇಳಿದು, ಒಲೆಯ ಉರಿ ಸಾಲದೆ ಎರಡು ಲೀಟರ್ ನೀರು ಹೆಚ್ಚು ಉಳಿದರೂ 1.053 ಇದ್ದದ್ದು 1.048ಕ್ಕೆ ಇಳಿಯುತ್ತದೆ. ಪಾತ್ರೆಯ ಒಳಗೆ ಲೀಟರಿನ ಗುರುತು ಹಾಕಿಕೊಳ್ಳದವರಿಗೆ ಇದು ಗೊತ್ತೇ ಆಗುವುದಿಲ್ಲ.

ಅಳತೆಯೇ ಸುಳ್ಳು ಹೇಳುವುದೂ ಉಂಟು. ಹೈಡ್ರೋಮೀಟರಿನ ಗೆರೆಗಳನ್ನು 20 ಡಿಗ್ರಿಗೋ ಅದರ ಆಸುಪಾಸಿಗೋ ಹೊಂದಿಸಿರುತ್ತಾರೆ. ಬಿಸಿ ದ್ರವ ಹಗುರ. 60 ಡಿಗ್ರಿ ಬಿಸಿಯ ವರ್ಟಿಗೆ ಇಳಿಬಿಟ್ಟರೆ 1.053 ಇರುವುದು 1.038ರ ಹತ್ತಿರ ಕಾಣಿಸುತ್ತದೆ. ಗಾಬರಿಯಾಗಿ ಸಕ್ಕರೆ ಸುರಿದವರಿಗೆ ಆಮೇಲೆ ಸಿಗುವುದು ತಲೆಗೇರುವ ಬಿಯರ್. ಮಾಲ್ಟಿನ ಕಾಳಿನ ಬದಲು ಡಬ್ಬಿಯಲ್ಲಿ ಬರುವ ಮಾಲ್ಟಿನ ಪಾಕ ಬಳಸುವವರದು ಇನ್ನೊಂದು ತೊಂದರೆ. ಅವರು ಎಂಟು ಹತ್ತು ಲೀಟರ್ ಗಟ್ಟಿ ವರ್ಟ್ ಕುದಿಸಿ, ಮೇಲೆ ತಣ್ಣೀರು ಸುರಿದು 19 ಲೀಟರ್ ಮಾಡುತ್ತಾರೆ. ಗಟ್ಟಿಯದು ಕೆಳಗೆ, ನೀರು ಮೇಲೆ. ಮೇಲಿನಿಂದ ತೆಗೆದರೆ ಅಂಕಿ ತೀರ ಕಡಿಮೆ, ತಳದ ನಲ್ಲಿಯಿಂದ ತೆಗೆದರೆ ತೀರ ಹೆಚ್ಚು. ಪಾಕದ ತೂಕ ಸರಿಯಿದ್ದು ನೀರಿನ ಅಳತೆ ಸರಿಯಿದ್ದರೆ ಸಕ್ಕರೆ ಎಲ್ಲಿಗೂ ಹೋಗಿರುವುದಿಲ್ಲ. ಚೆನ್ನಾಗಿ ಕಲಕಿ, ತಣಿಸಿ, ಮತ್ತೊಮ್ಮೆ ನೋಡಿದರೆ ಸಾಕು.

ಥರ್ಮಾಮೀಟರನ್ನೂ ಕುರುಡಾಗಿ ನಂಬುವಂತಿಲ್ಲ. ಮಾಲ್ಟಿನ ಪಿಷ್ಟವನ್ನು ಸಕ್ಕರೆ ಮಾಡುವುದು ಎರಡು ಕಿಣ್ವಗಳು. ಒಂದಕ್ಕೆ 60ರಿಂದ 65 ಡಿಗ್ರಿ ಹಿತ. ಅದು ಯೀಸ್ಟ್ ಪೂರಾ ತಿನ್ನಬಲ್ಲ ಸಕ್ಕರೆ ಕೊಡುತ್ತದೆ. ಇನ್ನೊಂದಕ್ಕೆ 70ರ ಆಸುಪಾಸು ಹಿತ. ಅದು ಕೊಡುವ ಸಕ್ಕರೆಯಲ್ಲಿ ಒಂದು ಪಾಲು ಯೀಸ್ಟಿಗೆ ಜೀರ್ಣವಾಗದೆ ಬಿಯರಿನಲ್ಲಿ ಉಳಿದು ಮೈಕಟ್ಟು ತರುತ್ತದೆ. 65ರಲ್ಲಿ ನೆನೆಸಿದೆವು ಎಂದುಕೊಂಡು 69ರಲ್ಲಿ ನೆನೆಸಿದರೆ ಆಗುವುದು ಬೇರೆಯೇ ಬಿಯರ್. ಥರ್ಮಾಮೀಟರನ್ನು ಮಂಜುಗಡ್ಡೆ ನೀರಿನಲ್ಲೂ ಕುದಿಯುವ ನೀರಿನಲ್ಲೂ ಅದ್ದಿ ನೋಡುವುದು ಐದು ನಿಮಿಷದ ಕೆಲಸ. ಆದರೆ ಎತ್ತರದ ಊರಿನಲ್ಲಿ ನೀರು 100ಕ್ಕೆ ಕುದಿಯುವುದಿಲ್ಲ ಎನ್ನುವುದು ನೆನಪಿರಬೇಕು. ಡೆನ್ವರಿನಲ್ಲಿ ಅದು ಸುಮಾರು 95ಕ್ಕೇ ಕುದಿಯುತ್ತದೆ, ನಮ್ಮ ಬೆಂಗಳೂರಿನಲ್ಲಿ ಸುಮಾರು 97ಕ್ಕೆ.

ಇನ್ನು ಯೀಸ್ಟು. ದೋಸೆ ಹಿಟ್ಟು ಬೇಸಿಗೆಯಲ್ಲಿ ಉಕ್ಕಿ ಚೆಲ್ಲುತ್ತದೆ, ಚಳಿಗಾಲದಲ್ಲಿ ಬೆಳಗಾದರೂ ಏಳುವುದಿಲ್ಲ. ಮನೆಮನೆಗೂ ಗೊತ್ತಿರುವ ಮಾತು. ಏಲ್ ಬಿಯರಿನ ಯೀಸ್ಟಿಗೆ 18ರಿಂದ 20 ಡಿಗ್ರಿ ಸಾಕು. ಆದರೆ ಹುದುಗುವಾಗ ಅದು ತಾನೇ ಶಾಖ ಹೊಮ್ಮಿಸುತ್ತದೆ. ಕೋಣೆ 20 ಇದ್ದರೆ ಪಾತ್ರೆಯ ಒಳಗೆ 23, 24 ಆಗಿರಬಹುದು. ಹಾಗೆ ಬಿಸಿಯೇರಿದ ಬಿಯರಿನಲ್ಲಿ ಬಾಳೆಹಣ್ಣಿನ ವಾಸನೆ, ಗಂಟಲಿಗೆ ತಾಗುವ ಘಾಟು ಬರುತ್ತದೆ. ಮಾರ್ಚ್ ತಿಂಗಳ ಬಿಯರ್ ಚೆನ್ನಾಗಿತ್ತು, ಜುಲೈನದು ಕೆಟ್ಟಿತು ಎಂದು ಪೇಚಾಡುವವರು ಪಾಕವಿಧಾನ ಬದಲಿಸುವ ಮೊದಲು ಗ್ಯಾರೇಜಿನ ಸೆಕೆ ನೋಡಬೇಕು. ಪಾತ್ರೆಯನ್ನು ನೀರು ತುಂಬಿದ ಟಬ್ಬಿನಲ್ಲಿಟ್ಟು ಒದ್ದೆ ಬಟ್ಟೆ ಸುತ್ತುವುದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ.

ಫಲ ಏರುಪೇರಾಗುವ ಈ ಕಾಟ ಹವ್ಯಾಸಿಗಳಿಗಷ್ಟೇ ಅಲ್ಲ. ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಗೆ 1899ರಲ್ಲಿ ವಿಲಿಯಂ ಸೀಲಿ ಗಾಸೆಟ್ ಎಂಬ ಯುವಕ ಕೆಲಸಕ್ಕೆ ಸೇರಿದರು. ಆಕ್ಸ್‌ಫರ್ಡಿನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದವರು. ಒಂದೇ ಮಾಲ್ಟಿನ ಎರಡು ಮಾದರಿ ಅಳೆದರೆ ಎರಡು ಉತ್ತರ ಬರುತ್ತಿತ್ತು. ವ್ಯತ್ಯಾಸ ಮಾಲ್ಟಿನದೋ, ಅಳತೆಯದೋ? ನಾಲ್ಕೈದು ಮಾದರಿಗಳನ್ನಷ್ಟೇ ನೋಡಿ ಎಷ್ಟು ಧೈರ್ಯವಾಗಿ ಮಾತಾಡಬಹುದು? ಈ ಪ್ರಶ್ನೆ ಬಿಡಿಸಲು ಹೊರಟು ಅವರು 1908ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಕಂಪನಿಯವರು ಸ್ವಂತ ಹೆಸರಿನಲ್ಲಿ ಬರೆಯಲು ಬಿಡುತ್ತಿರಲಿಲ್ಲವಾದ್ದರಿಂದ ಸ್ಟೂಡೆಂಟ್ ಎಂದು ಸಹಿ ಹಾಕಿದರು. ನಮ್ಮ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಓದುವವರೆಲ್ಲ ಕಲಿಯುವ ಸ್ಟೂಡೆಂಟ್ಸ್ ಟಿ-ಟೆಸ್ಟ್ ಹುಟ್ಟಿದ್ದು ಹೀಗೆ. ಕೈಯಲ್ಲಿ ಎರಡು ಬಾಟಲಿ ಹಿಡಿದು ಇದಕ್ಕಿಂತ ಅದು ಮೇಲು ಎನ್ನುವ ಪ್ರತಿಯೊಬ್ಬ ಹವ್ಯಾಸಿಯ ಮುಂದಿರುವುದೂ ಗಾಸೆಟ್ಟರ ಪ್ರಶ್ನೆಯೇ.

ಇನ್ನು ಬಗ್ಗಡಕ್ಕೂ ಸೋತ ಫಲಕ್ಕೂ ನಂಟಿರುವ ಆ ಒಂದು ಸಂದರ್ಭ. ಅದು ಪಿಷ್ಟದ ಬಗ್ಗಡ. ನೀರು ತೀರ ಬಿಸಿಯಾಗಿ ಕಿಣ್ವಗಳು ಸತ್ತಿದ್ದರೆ, ನೆನೆದ ಹೊತ್ತು ಸಾಲದಿದ್ದರೆ, ಇಲ್ಲವೇ ಅವಲಕ್ಕಿಯಂತೆ ತಟ್ಟಿದ ಓಟ್ಸು, ಗೋಧಿಯನ್ನು ಮಾಲ್ಟಿನ ಜೊತೆಯಿಲ್ಲದೆ ಬರೀ ಬಿಸಿನೀರಿಗೆ ಹಾಕಿದ್ದರೆ, ಸಕ್ಕರೆಯಾಗದ ಪಿಷ್ಟ ಗಂಜಿಯಂತೆ ವರ್ಟಿಗೆ ಇಳಿಯುತ್ತದೆ. ಯೀಸ್ಟಿಗೆ ಅದು ಬೇಡ, ಅದರಲ್ಲೇ ಪಳಗಿದ ಬ್ಯಾಕ್ಟೀರಿಯಾಗಳಿಗೆ ಮಾತ್ರ ಹಬ್ಬ. ಅದು ಕುದಿಸಿದರೂ ಹೋಗದು, ತಣಿಸಿದರೂ ಹೋಗದು.

ಪರೀಕ್ಷೆಗೆ ಬೇಕಾದದ್ದು ಬಿಳಿ ತಟ್ಟೆ ಮತ್ತು ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್. ತಟ್ಟೆಯ ಮೇಲೆ ಒಂದು ಚಮಚ ವರ್ಟ್ ಹರಡಿ ತಣಿಯಲು ಬಿಟ್ಟು ಒಂದು ತೊಟ್ಟು ಅಯೋಡಿನ್ ಬಿಡಬೇಕು. ಕಪ್ಪುನೀಲಿಯಾದರೆ ಪಿಷ್ಟ ಉಳಿದಿದೆ. ಇನ್ನು ಅರ್ಧ ಗಂಟೆ 66, 67ರ ಆಸುಪಾಸಿನಲ್ಲಿ ಬಿಟ್ಟು ಮತ್ತೆ ನೋಡಬೇಕು. ಅಯೋಡಿನ್ನಿನ ಕಂದುಹಳದಿ ಹಾಗೇ ಉಳಿದರೆ ಪಿಷ್ಟವಿಲ್ಲ. ಹೊಟ್ಟಿನ ಚೂರು ಬಿದ್ದಿದ್ದರೆ ಅದು ಹೇಗೂ ಕಪ್ಪಾಗುತ್ತದೆ, ಅದಕ್ಕೆ ಬರೀ ರಸವನ್ನೇ ತೆಗೆಯಬೇಕು. ಅಯೋಡಿನ್ ಮುಟ್ಟಿದ್ದನ್ನು ಪಾತ್ರೆಗೆ ವಾಪಸು ಹಾಕುವಂತಿಲ್ಲ, ಚೆಲ್ಲಬೇಕು.

ಮೊದಲು ಕಂಡ ಗ್ಯಾರೇಜಿನಲ್ಲಿ ಇದನ್ನೇ ಮಾಡಿದರೆಂದು ಇಟ್ಟುಕೊಳ್ಳಿ. ತಟ್ಟೆಯ ಮೇಲಿನ ತೊಟ್ಟು ಕಂದಾಗಿಯೇ ಉಳಿಯಿತು. ಕುದಿಸಿ, 20 ಡಿಗ್ರಿಗೆ ತಣಿಸಿ, ಕಲಕಿ ನೋಡಿದ ಹೈಡ್ರೋಮೀಟರ್ 1.043 ತೋರಿಸಿತು. ಪಾತ್ರೆಯ ಗುರುತು ಸರಿಯಾಗಿ 19 ಲೀಟರಿಗಿದೆ. ಥರ್ಮಾಮೀಟರೂ ಸರಿ. ಉಳಿದದ್ದು ಒಂದೇ. ಕೂಲರ್ ಡಬ್ಬಿಯಿಂದ ಒಂದು ಹಿಡಿ ಚರಟ ತೆಗೆದು ಅಂಗೈಯಲ್ಲಿ ಹರಡಿದಾಗ ಇಡೀ ಕಾಳುಗಳು ಕಾಣುತ್ತವೆ; ಹಲ್ಲಿನಲ್ಲಿ ಕಚ್ಚಿದರೆ ಒಳಗೆ ಇನ್ನೂ ಗಟ್ಟಿ. ಗಿರಣಿಯ ಸಂದು ಅಗಲವಾಗಿತ್ತು. ಮುಂದಿನ ಸಲ ಅದೇ ಮಾಲ್ಟು, ಅದೇ ನೀರು, ಅದೇ ಯೀಸ್ಟು. ಬದಲಾದದ್ದು ಸಂದು ಮಾತ್ರ, ಅದೂ ನೋಟ್‌ಬುಕ್ಕಿನಲ್ಲಿ ತಾರೀಕಿನ ಸಮೇತ ಬರೆದಿಟ್ಟು. ಈಗ ಕಾಳೆಲ್ಲ ಒಡೆದಿದೆ, ಜೊತೆಗೆ ಹಿಟ್ಟೂ ಹೆಚ್ಚಾಗಿದೆ. ನಲ್ಲಿ ತಿರುಗಿಸಿದಾಗ ಬಂದ ವರ್ಟ್ ಕಳೆದ ಸಲಕ್ಕಿಂತ ಹೆಚ್ಚು ಬಗ್ಗಡ. ಎರಡು ಜಗ್ ತುಂಬಿ, ತಟ್ಟೆ ಅಡ್ಡ ಹಿಡಿದು ಮೆಲ್ಲಗೆ ಮೇಲಿನಿಂದ ಸುರಿಯುತ್ತಾರೆ. ಸಂಜೆ ತಣಿದ ಮೇಲೆ ಹೈಡ್ರೋಮೀಟರ್ 1.052ಕ್ಕೆ ನಿಲ್ಲುತ್ತದೆ.